ಗಂಡಾಂತರದ ಗಳಿಗೆಯಲ್ಲಿ ಗಮನ ಎಲ್ಲಿರಬೇಕು?

ಬಂಗಾರಪೇಟೆ ಜಂಕ್ಷನ್‌ನಿಂದ ರೈಲು ಹೊರಡುವಾಗ ಎಂಜಿನ್ನಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಪ್ರಯಾಣಿಕರು ಕಂಡಿರುವುದು ಕಡಿಮೆ. ಲೋಕೋ ಪೈಲಟ್ ಎದುರಿನ ಸಿಗ್ನಲ್ಲಿಗೆ ಕೈ ತೋರಿಸಿ ಅದು ಏನೆಂದು ಜೋರಾಗಿ ಹೇಳುತ್ತಾರೆ. ಪಕ್ಕದ ಸಹಾಯಕ ಪೈಲಟ್ ತಾವೂ ನೋಡಿ ಅದನ್ನೇ ಮತ್ತೆ ಹೇಳುತ್ತಾರೆ. ಇಬ್ಬರಿಗೂ ಕಾಣುವ ದೀಪವನ್ನು ಬಾಯಿಬಿಟ್ಟು ಹೇಳುವುದಕ್ಕೆ ಕಾರಣವಿದೆ. ಸಾಲುಸಾಲು ಸಿಗ್ನಲ್ ದಾಟುವಾಗ ಕಣ್ಣು ದೀಪದ ಮೇಲಿದ್ದರೂ ಮನಸ್ಸು ಮನೆಯ ಚಿಂತೆಯಲ್ಲಿರಬಹುದು. ಕೈ, ಕಣ್ಣು, ಬಾಯಿ, ಕಿವಿ ಒಂದೇ ಕಡೆ ಸೇರಿದರೆ ಮನಸ್ಸೂ ಅಲ್ಲಿಗೆ ಬರುತ್ತದೆ. ಜಪಾನಿನ ರೈಲ್ವೆ ಸಂಶೋಧಕರು 1994ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಸರಳವಾದ ಕೆಲಸವೊಂದರಲ್ಲಿ ನೂರಕ್ಕೆ 2.38ರಷ್ಟಿದ್ದ ತಪ್ಪುಗಳು, ಬೆರಳು ತೋರಿಸಿ ಕೂಗಿ ಹೇಳಿದಾಗ 0.38ಕ್ಕೆ ಇಳಿದವು.

ಕಂಪನಿಗಳ ತರಬೇತಿಗಳಲ್ಲಿ ಮೈಂಡ್‌ಫುಲ್‌ನೆಸ್, ಅಂದರೆ ಸಾವಧಾನ, ಎಂದು ಕೇಳಿಬರುವ ಸಂಗತಿಯ ತಿರುಳು ಇದೇ. ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಹಲವು ವಾರಗಳ ಕಲಿಕೆಯಾಗಿ ರೂಪಿಸಿದಾಗ ಬಂದವರಲ್ಲಿ ಹೆಚ್ಚಿನವರು ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ ರೋಗಿಗಳು. ಕಣ್ಣು ಮುಚ್ಚಿ ಕೂರುವುದು ಅದರ ಒಂದು ಭಾಗ ಮಾತ್ರ. ಕೆಲಸದ ಜಾಗದಲ್ಲಿ ಹೆಚ್ಚು ಬೇಕಾಗುವುದು ಕಣ್ಣು ತೆರೆದು ಮಾಡುವ ಅಭ್ಯಾಸ.

ಕೋಲಾರದ ಚಿನ್ನದ ಗಣಿಯ ಊರಿಗೆ ಇದು ಹೊಸತಲ್ಲ. ಚಾಂಪಿಯನ್ ರೀಫ್ ಗಣಿ ನೆಲದಡಿಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿಯುವುದುಂಟು. ಅದರ ಅದುರು ಮೇಲಿನ ಮನೆಗಳಿಗೂ ತಿಳಿಯುತ್ತಿತ್ತು. ಈ ಬಂಡೆಸಿಡಿತದ ಅಧ್ಯಯನದಲ್ಲಿ ಪಳಗಿದ ಊರೆಂದೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಇಲ್ಲಿ ಹುಟ್ಟಿತು. ಗಣಿಯಲ್ಲಿ ಕೆಲಸಕ್ಕೆ ಕೈಹಾಕುವ ಮುನ್ನ ಕಬ್ಬಿಣದ ಸಲಾಕೆಯಿಂದ ಮೇಲಿನ ಬಂಡೆಯನ್ನು ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಬಂಡೆ ಠಣ್ಣನೆ ನುಡಿಯುತ್ತದೆ, ಸಡಿಲವಾದದ್ದು ಪೊಳ್ಳು ಸದ್ದು ಮಾಡುತ್ತದೆ. ಆ ಹೊತ್ತಿನಲ್ಲಿ ಕಿವಿ ಬೇರೆಡೆ ಇದ್ದರೆ ಜೀವಕ್ಕೇ ಕುತ್ತು.

2001ರ ಫೆಬ್ರವರಿ 28ರಂದು ಈ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಇಂದು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಗಂಡಾಂತರಗಳು ಬೇರೆ: ಸರ್ವರ್ ಕೈಕೊಟ್ಟದ್ದು, ಯಂತ್ರಕ್ಕೆ ಸಹೋದ್ಯೋಗಿಯ ಕೈ ಸಿಕ್ಕಿದ್ದು, ಕೌಂಟರಿನಲ್ಲಿ ಗ್ರಾಹಕ ಸಿಟ್ಟಾಗಿ ಕೂಗಾಡಿದ್ದು. ಆದರೂ ಮೊದಲ ಕೆಲವು ನಿಮಿಷಗಳಲ್ಲಿ ಮನಸ್ಸು ನಡೆದುಕೊಳ್ಳುವ ರೀತಿ ಒಂದೇ. ಅದನ್ನು ಹಿಡಿತಕ್ಕೆ ತರಲು ಐದು ಹೆಜ್ಜೆಗಳು ಇಲ್ಲಿವೆ.

ಮೊದಲ ಹೆಜ್ಜೆ: ಗಂಡಾಂತರ ಬರುವ ಮೊದಲೇ

ಬೆಂಕಿ ಹತ್ತಿದ ಮೇಲೆ ಬಾವಿ ತೋಡಿ ಫಲವಿಲ್ಲ. ಅಭ್ಯಾಸಕ್ಕೆ ಬೆಳಗಿನ ರೈಲೇ ಸಾಕು. ಒಂದು ನಿಲ್ದಾಣದಿಂದ ಮುಂದಿನದರವರೆಗೆ ಮೊಬೈಲ್ ಜೇಬಿನಲ್ಲಿಟ್ಟು, ಉಸಿರು ಒಳಗೆ ಹೋಗಿ ಹೊರಗೆ ಬರುವುದನ್ನು ಗಮನಿಸಬೇಕು. ಮನಸ್ಸು ಆಫೀಸಿಗೆ ಓಡುತ್ತದೆ. ಓಡಿದ್ದು ಗೊತ್ತಾದೊಡನೆ ಉಸಿರಿಗೆ ಮರಳಿ ತರಬೇಕು. ಅದು ಓಡುವುದು ಸೋಲಲ್ಲ, ಮರಳಿ ತರುವುದೇ ವ್ಯಾಯಾಮ. ಹಿಂದೆ ದೊಡ್ಡ ಆಘಾತಕ್ಕೆ ಒಳಗಾದವರಿಗೆ ಉಸಿರಿನ ಮೇಲೆ ಗಮನವಿಟ್ಟರೆ ಕಳವಳ ಹೆಚ್ಚುವುದೂ ಉಂಟು. ಅಂಥವರು ಕಿಟಕಿಯಾಚೆ ಕಾಣುವುದನ್ನು ನೋಡಬಹುದು, ಚಕ್ರದ ಸದ್ದು ಕೇಳಬಹುದು.

ಎರಡನೆಯದು: ಕಾಲು, ಉಸಿರು, ಕಣ್ಣು

ಅವಘಡದ ಸುದ್ದಿ ಬಂದೊಡನೆ ಎದೆ ಹೊಡೆದುಕೊಳ್ಳುತ್ತದೆ, ನೋಟ ಕಿರಿದಾಗುತ್ತದೆ. ಪ್ರಾಣಕ್ಕೆ ಅಪಾಯವಿದ್ದರೆ ಮೊದಲು ಯಂತ್ರ ನಿಲ್ಲಿಸಬೇಕು, ಜನರನ್ನು ಹೊರಗೆ ಕಳಿಸಬೇಕು, 112ಕ್ಕೆ ಕರೆ ಮಾಡಬೇಕು. ಅಲ್ಲಿ ಧ್ಯಾನಕ್ಕೆ ಜಾಗವಿಲ್ಲ. ಹಾಗಿಲ್ಲದಿದ್ದರೆ ಎರಡೂ ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ ಮೂರು ಸಲ ನಿಧಾನವಾಗಿ ಉಸಿರು ಬಿಡಬೇಕು. ಒಳಗೆಳೆದುಕೊಂಡದ್ದಕ್ಕಿಂತ ಹೊರಬಿಡುವ ಉಸಿರು ಉದ್ದವಾಗಿರಲಿ. ದೀರ್ಘ ನಿಶ್ವಾಸದಿಂದ ಹೃದಯದ ಬಡಿತ ಇಳಿಯುತ್ತದೆ. ಆಮೇಲೆ ಎದುರಿಗಿರುವುದನ್ನು ನೋಡಬೇಕು.

ಮೂರನೆಯದು: ಕಂಡದ್ದು ಬೇರೆ, ಊಹೆ ಬೇರೆ

ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಕಣ್ಣಾರೆ ಕಂಡದ್ದನ್ನು, ಬಲಕ್ಕೆ ಮನಸ್ಸು ಸೇರಿಸಿದ್ದನ್ನು ಬರೆಯಬೇಕು. ‘10 ಗಂಟೆಯಿಂದ ಬಿಲ್ಲಿಂಗ್ ನಿಂತಿದೆ’ ಎಂಬುದು ಎಡಕ್ಕೆ. ‘ಇದಕ್ಕೆಲ್ಲ ರಾತ್ರಿ ಪಾಳಿಯವರೇ ಕಾರಣ’, ‘ನನ್ನ ಕೆಲಸ ಹೋಯಿತು’ ಎಂಬಂಥವು ಬಲಕ್ಕೆ. ತೀರ್ಮಾನಗಳನ್ನು ಎಡಭಾಗ ನೋಡಿ ತೆಗೆದುಕೊಳ್ಳಬೇಕು. ಕಚೇರಿಯ ಜಗಳಗಳಲ್ಲಿ ಹೆಚ್ಚಿನವು ಬಲಭಾಗದಿಂದಲೇ ಹುಟ್ಟುತ್ತವೆ.

ನಾಲ್ಕನೆಯದು: ಚಿಕ್ಕದಾಗಿ ಹೇಳಿ, ಮರಳಿ ಹೇಳಿಸಿಕೊಳ್ಳುವುದು

ಗಣಿಯಲ್ಲಿ ಜನರನ್ನು ಹೊತ್ತೊಯ್ಯುವ ಕೇಜ್ ಏರಿಳಿಯುವುದು ಗಂಟೆಯ ಸಂಜ್ಞೆಯ ಮೇಲೆ. ಚಲಿಸುತ್ತಿರುವಾಗ ಒಂದೇ ಬಡಿತ ಕೇಳಿದರೆ ನಿಲ್ಲಿಸಬೇಕು ಎಂದರ್ಥ. ವಿವರಣೆ ಇಲ್ಲ, ಎರಡನೇ ಅರ್ಥವೂ ಇಲ್ಲ. ಗಾಬರಿಯ ಹೊತ್ತಿನಲ್ಲಿ ಮನುಷ್ಯನ ಮಾತೂ ಅಷ್ಟೇ ಸ್ಪಷ್ಟವಾಗಿರಬೇಕು. ‘ಯಾರಾದರೂ ಫೋನ್ ಮಾಡಿ’ ಎಂದರೆ ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಒಬ್ಬರ ಹೆಸರು ಹಿಡಿದು, ಒಂದೇ ಕೆಲಸ ಹೇಳಿ, ಅವರ ಬಾಯಿಂದ ಅದನ್ನು ಮತ್ತೆ ಹೇಳಿಸಿಕೊಳ್ಳಬೇಕು. ಮೇಲಧಿಕಾರಿಗೆ ವರದಿ ಮಾಡುವಾಗಲೂ ಆದದ್ದು, ಮಾಡಿದ್ದು, ಬೇಕಾದ್ದು ಎಂಬ ಮೂರು ಮಾತು ಸಾಕು.

ಐದನೆಯದು: ಕಾಯುವ ಹೊತ್ತು

ಗಂಡಾಂತರದಲ್ಲಿ ಬಹುಪಾಲು ಸಮಯ ಕಾಯುವುದರಲ್ಲೇ ಕಳೆಯುತ್ತದೆ. ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ 2023ರ ನವೆಂಬರ್ 12ರಂದು ಕುಸಿದು 41 ಕಾರ್ಮಿಕರು ಒಳಗೆ ಸಿಲುಕಿದರು; ಅವರು ಹೊರಬಂದದ್ದು ನವೆಂಬರ್ 28ರಂದು. ಅವರಲ್ಲೊಬ್ಬರಾದ ಫೋರ್‌ಮನ್ ಗಬ್ಬರ್ ಸಿಂಗ್ ನೇಗಿ ಜೊತೆಗಾರರಿಂದ ಯೋಗ ಮಾಡಿಸಿದರು, ಧ್ಯಾನಕ್ಕೆ ಕೂರಿಸಿದರು, ಧೈರ್ಯ ತುಂಬಿದರು. ಸುರಂಗದಲ್ಲಿ ಉಳಿದಿದ್ದ ಜಾಗದಲ್ಲೇ ಅವರೆಲ್ಲ ನಡೆದಾಡುತ್ತಿದ್ದರು. ಕಲ್ಲುಮಣ್ಣು ತೆಗೆಯುವುದು ಅವರ ಕೈಯಲ್ಲಿರಲಿಲ್ಲ, ದಿನಚರಿಯೊಂದು ಇತ್ತು. ಕಚೇರಿಯಲ್ಲೂ ದುರಸ್ತಿಯವರು ಬರುವವರೆಗೆ ಊಟ, ನೀರು, ವಿಶ್ರಾಂತಿಯ ಸರದಿ ಗೊತ್ತುಮಾಡಿಕೊಂಡರೆ ಪಾಳಿಯವರೆಲ್ಲ ಒಟ್ಟಿಗೆ ಬಳಲುವುದು ತಪ್ಪುತ್ತದೆ.

ಉಸಿರಾಟ ಸಂಬಳಕ್ಕೆ ಬದಲಿಯಲ್ಲ

ಕೆಲವು ಆಡಳಿತಗಳು ದೂರು ತಂದ ಉದ್ಯೋಗಿಗೆ ಧ್ಯಾನದ ಶಿಬಿರ ತೋರಿಸುತ್ತವೆ. ಇದನ್ನು ಒಪ್ಪಲಾಗದು. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರ ಸಿಟ್ಟು ದಾಂಧಲೆಗೆ ತಿರುಗಿತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. ದಾಂಧಲೆ ಸರಿಯಲ್ಲ, ನಿಜ. ಆದರೆ ದೂರನ್ನು ಕಿವಿಗೊಟ್ಟು ಕೇಳುವುದೂ ಸಾವಧಾನವೇ, ಆ ಹೊಣೆ ಮೇಲೆ ಕೂತವರದು. ಉದ್ಯೋಗಿಯಾದವರು ದೂರನ್ನು ಬರಹದಲ್ಲಿ ಕೊಟ್ಟು, ದಿನಾಂಕ ಹಾಕಿ, ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.

ಎಲ್ಲ ಮುಗಿದ ಮೇಲೆ

ಮರುದಿನವೇ ತಂಡದವರು ಕಾಲು ಗಂಟೆ ಕೂತು ಏನಾಯಿತು, ಯಾವ ಸೂಚನೆ ಮೊದಲೇ ಕಂಡಿತ್ತು ಎಂದು ಮಾತಾಡಿಕೊಳ್ಳಬೇಕು. ಯಾರ ತಪ್ಪು ಎಂಬ ವಿಚಾರಣೆ ಆ ಹೊತ್ತಿಗೆ ಬೇಡ. ಅಪಘಾತ ಕಣ್ಣಾರೆ ಕಂಡವರಿಗೆ ಕೆಲವು ದಿನ ನಿದ್ದೆ ಕೆಡುವುದು, ಅದೇ ದೃಶ್ಯ ಮರುಕಳಿಸುವುದು ಸಹಜ. ವಾರಗಳಾದರೂ ಅದು ಇಳಿಯದಿದ್ದರೆ, ಕೆಲಸಕ್ಕೆ ಹೋಗಲು ಕಾಲೇ ಏಳದಿದ್ದರೆ ನೆರವು ಕೇಳಲು ತಡಮಾಡಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು.