ಸಂಗೀತವೃತ್ತಿಯಲ್ಲಿ ಸುದೈವದ ಪಾಲು

ವಿದ್ಯಾರ್ಥಿಗಳೇ, ಒಳ್ಳೆಯ ಕಂಠವುಳ್ಳ ಬಾಲಕನನ್ನು ಕಂಡು "ಇದು ದೈವದತ್ತ" ಎನ್ನುವುದು ಲೋಕರೂಢಿ. ಮುಂದೆ ಅವನು ಹೆಸರು ಪಡೆಯದಿದ್ದರೆ ಅದೇ ಲೋಕವು "ಅವನ ಹಣೆಯಲ್ಲಿ ಬರೆದಿರಲಿಲ್ಲ" ಎಂದು ಸುಮ್ಮನಾಗುತ್ತದೆ. ಸಂಗೀತವನ್ನೇ ಜೀವನೋಪಾಯವಾಗಿ ಆರಿಸಿಕೊಂಡವರ ಬಾಳಿನಲ್ಲಿ ಸುದೈವದ ಪಾಲೆಷ್ಟು, ದುಡಿಮೆಯ ಪಾಲೆಷ್ಟು ಎಂಬುದನ್ನು ಧಾರವಾಡ ಸೀಮೆಯ ಗಾಯಕರ ಚರಿತ್ರೆಯಿಂದ ವಿಚಾರಿಸೋಣ.

ಮಲ್ಲಿಕಾರ್ಜುನ ಮನಸೂರರು 1910ರಲ್ಲಿ ಧಾರವಾಡದ ಸಮೀಪದ ಮನಸೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ನಾಟಕ ಮಂಡಳಿಯೊಂದರಲ್ಲಿ ಪಾತ್ರ ವಹಿಸಿ ಹಾಡುತ್ತಿದ್ದರು. ಆ ಹಾಡು ಮಿರಜದ ನೀಲಕಂಠಬುವಾ ಅವರ ಕಿವಿಗೆ ಬಿದ್ದಿತು. ಬಾಲಕನು ಅವರ ಶಿಷ್ಯನಾದನು. ಇದು ಸುದೈವವೇ ಸರಿ. ಮುಂದೆ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಪುತ್ರ ಮಂಜೀಖಾನರು ಗುರುಗಳಾಗಿ ದೊರೆತರು. ಆದರೆ ಪಾಠವು ರುಚಿಗೂಡುತ್ತಿದ್ದ ಕಾಲದಲ್ಲಿಯೇ, 1937ರಲ್ಲಿ, ಮಂಜೀಖಾನರು ತೀರಿಕೊಂಡರು. ಕೊಟ್ಟ ದೈವವೇ ಕಸಿದುಕೊಂಡಿತು. ಮನಸೂರರು ಎದೆಗೆಡದೆ ಮಂಜೀಖಾನರ ತಮ್ಮಂದಿರಾದ ಭುರ್ಜೀಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಅವರಿಗೆ ಪದ್ಮಶ್ರೀ ದೊರೆತುದು 1970ರಲ್ಲಿ. ಆಗ ಅವರ ವಯಸ್ಸು ಅರುವತ್ತರ ಸಮೀಪ. ಪದ್ಮವಿಭೂಷಣವು ಬಂದುದು ಅವರು ನಿಧನ ಹೊಂದಿದ 1992ರಲ್ಲಿಯೇ. ಅಷ್ಟು ದೀರ್ಘಕಾಲ ಮನ್ನಣೆಗಾಗಿ ಕಾಯದೆ ಹಾಡುತ್ತಲೇ ಇದ್ದುದು ಅವರ ಹಿರಿಮೆ.

ದುರ್ದೈವವೂ ಒಮ್ಮೊಮ್ಮೆ ಬೇರೆ ಬಾಗಿಲನ್ನು ತೆರೆಯುವುದುಂಟು. ಗಂಗೂಬಾಯಿ ಹಾನಗಲ್ಲರು (1913–2009) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಅವರ ಎಳೆವಯಸ್ಸಿನ ಧ್ವನಿಮುದ್ರಿಕೆಗಳಲ್ಲಿ ಕೇಳಿಬರುವುದು ತೆಳುವಾದ, ಇಂಪಾದ ಕಂಠ. ಗಂಟಲಿನ ಬೇನೆಯ ತರುವಾಯ ಆ ಧ್ವನಿ ಗಡುಸಾಯಿತು. ಬೇರೊಬ್ಬರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ! ಅವರು ಆ ಗಂಭೀರ ಧ್ವನಿಯನ್ನೇ ಸಾಧನೆಯಿಂದ ತಮ್ಮ ಹೆಗ್ಗುರುತನ್ನಾಗಿ ಮಾಡಿಕೊಂಡರು.

ಭೀಮಸೇನ ಜೋಶಿಯವರು ಹನ್ನೊಂದರ ಪ್ರಾಯದಲ್ಲಿ, 1933ರಲ್ಲಿ, ಗುರುವನ್ನರಸಿ ಮನೆ ಬಿಟ್ಟು ಹೋದ ಕಥೆಯನ್ನು ನೀವು ಕೇಳಿರಬಹುದು. 2008ರಲ್ಲಿ ಅವರಿಗೆ ಭಾರತರತ್ನವೂ ದೊರೆಯಿತು. ಆದರೆ ಈ ಕಥೆಯನ್ನು ಕೇಳಿ ಗಂಟು ಕಟ್ಟಬೇಡಿರಿ. ಮನೆ ಬಿಟ್ಟು ಹೋದವರೆಲ್ಲರೂ ಭೀಮಸೇನರಾಗಲಿಲ್ಲ. ಗೆದ್ದವರ ಚರಿತ್ರೆ ಗ್ರಂಥವಾಗುತ್ತದೆ; ಅಷ್ಟೇ ದುಡಿದು ಸೋತವರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಆದುದರಿಂದ ಗೆದ್ದವರನ್ನು ಮಾತ್ರ ನೋಡಿ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

"ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯು ಸಂಗೀತದಲ್ಲಿ ಯಾವಾಗಲೂ ಸಲ್ಲುವುದಿಲ್ಲ. ಕಚೇರಿಗಳು ಪ್ರತಿ ತಿಂಗಳೂ ಒದಗುವುದಿಲ್ಲ; ಬಂದ ಹಣದಲ್ಲಿ ಪಕ್ಕವಾದ್ಯದವರ ಪಾಲೂ ಪ್ರಯಾಣದ ವೆಚ್ಚವೂ ಕಳೆಯಬೇಕು. ಈ ಕಾರಣದಿಂದಲೇ ಅನೇಕ ಕಲಾವಿದರು ಪಾಠ ಹೇಳಿ, ಆಕಾಶವಾಣಿಯಲ್ಲಿ ದುಡಿದು ಸಂಸಾರ ಸಾಗಿಸಿದ್ದಾರೆ. ಇದರಲ್ಲಿ ಅಗೌರವವೇನೂ ಇಲ್ಲ.

ಗುರುವಿನ ಲಾಭ, ದೇಹಾರೋಗ್ಯ, ರಸಿಕರ ಒಲವು, ಈ ಮೂರೂ ನಮ್ಮ ವಶದಲ್ಲಿಲ್ಲ. ಮುಂಜಾವಿನ ಸಾಧನೆಯೊಂದು ಮಾತ್ರ ನಮ್ಮ ವಶದಲ್ಲಿದೆ. ನೀಲಕಂಠಬುವಾ ಅವರು ಬಂದ ದಿನ ಬಾಲಕ ಮಲ್ಲಿಕಾರ್ಜುನನು ಶ್ರುತಿ ತಪ್ಪಿ ಹಾಡಿದ್ದರೆ ಆ ಸುದೈವವು ಬಂದ ದಾರಿಯಲ್ಲಿಯೇ ಹಿಂದಿರುಗುತ್ತಿತ್ತು. ಆದುದರಿಂದ ಹಾಡುವ ಬಯಕೆಯುಳ್ಳವರು ನಿತ್ಯವೂ ಹಾಡಿರಿ, ಶಾಲೆಯ ಓದನ್ನೂ ಬಿಡದಿರಿ. ಕೀರ್ತಿ ಬಂದರೆ ಒಳ್ಳೆಯದು. ಬಾರದಿದ್ದರೂ ಕಲಿತ ರಾಗವನ್ನು ನಿಮ್ಮಿಂದ ಯಾರೂ ಕಸಿದುಕೊಳ್ಳಲಾರರು.