ಗಣಕಯಂತ್ರದ ಕಿಟಕಿಯಲ್ಲಿ ಕನ್ನಡದ ಅಕ್ಷರ

ಗಣಕಯಂತ್ರದ ತೆರೆಯ ಮೇಲೆ ತೆರೆದುಕೊಳ್ಳುವ ಚೌಕಕ್ಕೆ ವಿಂಡೋ, ಎಂದರೆ ಕಿಟಕಿ, ಎಂದು ಹೆಸರು. ಹೆಸರು ಬರೆಯುವ ಪೆಟ್ಟಿಗೆ, ಒತ್ತುವ ಗುಂಡಿ, ಆಯ್ದುಕೊಳ್ಳುವ ಪಟ್ಟಿ ಇವೆಲ್ಲವೂ ಆ ಕಿಟಕಿಯ ಅಂಗಗಳು. ಯಂತ್ರದ ಒಳಗೆ ನಡೆಯುವ ಲೆಕ್ಕಾಚಾರವು ಎಷ್ಟೇ ಸರಿಯಾಗಿದ್ದರೂ, ಮನುಷ್ಯನಿಗೂ ಯಂತ್ರಕ್ಕೂ ವ್ಯವಹಾರ ನಡೆಯುವುದು ಈ ಕಿಟಕಿಯ ಮೂಲಕವೇ. ಆದುದರಿಂದ ಕಿಟಕಿ ಕೆಟ್ಟರೆ ಕೆಲಸವೇ ಕೆಟ್ಟಂತೆ.

ಗಣಕವಿದ್ಯೆ ಇಂಗ್ಲಿಷ್ ಬಲ್ಲವರ ಸೊತ್ತು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದು ದಕ್ಕದು ಎಂಬ ಮಾತು ನಮ್ಮ ವಿದ್ಯಾರ್ಥಿಗಳ ಕಿವಿಗೆ ಆಗಾಗ ಬೀಳುವುದುಂಟು. ಈ ಮಾತು ಎಷ್ಟು ಸತ್ಯವೆಂಬುದನ್ನು ಒಂದು ಸಣ್ಣ ಉದಾಹರಣೆಯಿಂದ ಪರೀಕ್ಷಿಸೋಣ. ಶಾಲೆಯ ಜನರಲ್ ರಿಜಿಸ್ಟರಿನಂತೆ ಮಕ್ಕಳ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಳ್ಳುವ, ಹುಡುಕುವ, ಅಕಾರಾದಿಯಾಗಿ ಜೋಡಿಸುವ ಒಂದು ಪ್ರೋಗ್ರಾಮನ್ನು ರಚಿಸಬೇಕಾಗಿದೆ ಎಂದು ಭಾವಿಸಿರಿ. ಇದು ಆಟದ ವಿಷಯವಲ್ಲ. ರಿಜಿಸ್ಟರಿನಲ್ಲಿ ಬರೆದ ಹೆಸರೇ ಲೀವಿಂಗ್ ಸರ್ಟಿಫಿಕೇಟಿಗೆ ಇಳಿಯುತ್ತದೆ; ಅದೇ ಮುಂದೆ ಜೀವಮಾನವಿಡೀ ಹಿಂಬಾಲಿಸುತ್ತದೆ. ನೆರೂಳಿನಂತಹ ಊರಿನಲ್ಲಿ ಒಬ್ಬ ಕನ್ನಡದ ಹುಡುಗಿಯ ಹೆಸರು ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಮೂರು ಬರಹಗಳಲ್ಲಿ ಸಂಚರಿಸಬೇಕಾಗುತ್ತದೆ. ಒಂದು ಒತ್ತು ಬಿದ್ದುಹೋದರೂ ಅದನ್ನು ತಿದ್ದಿಸಲು ತಂದೆತಾಯಿಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಮೊದಲು ಪೂರ್ವವೃತ್ತಾಂತವನ್ನು ಸ್ವಲ್ಪ ತಿಳಿಯತಕ್ಕದ್ದು. ಕನ್ನಡದ ಒತ್ತಕ್ಷರಗಳಿಗೂ ಗುಣಿತಾಕ್ಷರಗಳಿಗೂ ಒಂದೊಂದು ಕೀಲಿಯನ್ನು ಕೊಡಹೊರಟರೆ ಕೀಲಿಮಣೆಯಲ್ಲಿ ಎಡೆಯೇ ಸಾಲದು. ಬರೆಯುವ ಆಕಾರವನ್ನು ಬಿಟ್ಟು ಉಚ್ಚರಿಸುವ ಕ್ರಮವನ್ನು ಹಿಡಿದರೆ ಕೆಲವೇ ಕೀಲಿಗಳು ಸಾಕಾಗುತ್ತವೆಂಬುದನ್ನು ಕಿನ್ನಿಕಂಬಳ ಪದ್ಮನಾಭ ರಾಯರು ತಮ್ಮ ಕೀಲಿಮಣೆಯ ವಿನ್ಯಾಸದಿಂದ ತೋರಿಸಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು ಹೊರಬಂದು ಮನೆಮನೆಯ ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವಂತೆ ಮಾಡಿತು. ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ‘ಕ’ಕಾರದ ಸಂಖ್ಯೆ 3221; ವ್ಯಂಜನದ ಸ್ವರವನ್ನು ಕಳೆಯುವ ಹಲಂತ ಚಿಹ್ನೆಯ ಸಂಖ್ಯೆ 3277. ಒತ್ತಕ್ಷರಕ್ಕೆ ಬೇರೆ ಸಂಖ್ಯೆ ಇಲ್ಲ. ವ್ಯಂಜನ, ಹಲಂತ, ಮತ್ತೊಂದು ವ್ಯಂಜನ ಇವನ್ನು ಅನುಕ್ರಮವಾಗಿ ಇಟ್ಟರೆ ಒತ್ತು ತಾನಾಗಿ ಮೂಡುತ್ತದೆ. ಇಷ್ಟನ್ನು ನೆನಪಿಟ್ಟುಕೊಂಡು ಐದು ತೊಡಕುಗಳನ್ನು ಒಂದೊಂದಾಗಿ ನೋಡೋಣ.

1. ಹೆಸರಿನ ಉದ್ದ

‘ಲಕ್ಷ್ಮಿ’ ಎಂಬ ಹೆಸರಿನಲ್ಲಿ ಅಕ್ಷರಗಳೆಷ್ಟು? ಒಂದನೆಯ ತರಗತಿಯ ಮಗುವೂ ಎರಡು ಎನ್ನುತ್ತದೆ. ಯಂತ್ರವು ಲ, ಕ, ಹಲಂತ, ಷ, ಹಲಂತ, ಮ, ಗುಡಿಸು ಎಂದು ಏಳನ್ನು ಎಣಿಸುತ್ತದೆ. ಪೈಥಾನ್ ಭಾಷೆಯಲ್ಲಿ ಉದ್ದವನ್ನು ಕೇಳುವ ‘ಲೆನ್’ ಎಂಬ ಆಜ್ಞೆಯು 7 ಎಂದೇ ಉತ್ತರ ಕೊಡುತ್ತದೆ. ಇನ್ನು ಕಡತದಲ್ಲಿ ಶೇಖರಿಸಿಡುವಾಗ, ಯುಟಿಎಫ್-8 ಎಂಬ ರೂಢಿಯ ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟುಗಳು ಬೇಕು. ಆದುದರಿಂದ ಎರಡಕ್ಷರದ ಈ ಹೆಸರು 21 ಬೈಟುಗಳನ್ನು ಆಕ್ರಮಿಸುತ್ತದೆ. ಇದೇ ಹೆಸರಿಗೆ ಇಂಗ್ಲಿಷಿನಲ್ಲಿ 7 ಬೈಟುಗಳು ಸಾಕು.

ಇಂಗ್ಲಿಷಿನ ಅಭ್ಯಾಸವಿದ್ದವರು ಹೆಸರಿಗೆ 20 ಬೈಟುಗಳು ಧಾರಾಳವಾದುವೆಂದು ಮಿತಿ ಹಾಕುತ್ತಾರೆ. ಆಗ ‘ಲಕ್ಷ್ಮಿ’ಯ ಕೊನೆಯ ಗುಡಿಸು ತುಂಡಾಗಿ, ‘ಲಕ್ಷ್ಮ’ ಎಂಬುದರ ಮುಂದೆ ಅರ್ಥವಿಲ್ಲದ ಚಿಹ್ನೆಯೊಂದು ಉಳಿಯುತ್ತದೆ. ಪರಿಹಾರವೇನೆಂದರೆ, ಪೆಟ್ಟಿಗೆಯ ಮಿತಿಯನ್ನು ಬೈಟುಗಳಿಂದಲೂ ಸಂಕೇತಗಳಿಂದಲೂ ಅಳೆಯದೆ ಅಕ್ಷರಗಳಿಂದ ಅಳೆಯುವುದು. ಅದಕ್ಕೆ ಸುಲಭವಾದ ಸೂತ್ರವಿದೆ: ಸ್ವರವೋ ವ್ಯಂಜನವೋ ಬಂದಾಗ ಹೊಸ ಅಕ್ಷರ ಆರಂಭವಾಗುತ್ತದೆ, ಆದರೆ ಅದರ ಹಿಂದಿನ ಸಂಕೇತ ಹಲಂತವಾಗಿದ್ದರೆ ಆರಂಭವಾಗುವುದಿಲ್ಲ. ಗುಣಿತದ ಚಿಹ್ನೆಗಳು, ಹಲಂತ, ಅನುಸ್ವಾರ, ವಿಸರ್ಗಗಳು ಹಿಂದಿನ ಅಕ್ಷರಕ್ಕೇ ಸೇರಿದುವು. ಈ ಸೂತ್ರದಂತೆ ಎಣಿಸಿದರೆ ಒಂಬತ್ತು ಸಂಕೇತಗಳ ‘ರಾಷ್ಟ್ರೀಯ’ ಎಂಬುದಕ್ಕೆ ಮೂರೇ ಅಕ್ಷರಗಳೆಂಬ ಸರಿಯಾದ ಉತ್ತರ ದೊರೆಯುತ್ತದೆ. ಬರಹವನ್ನು ಕತ್ತರಿಸಲೇಬೇಕಾದಲ್ಲಿ ಎರಡು ಅಕ್ಷರಗಳ ನಡುವೆ ಕತ್ತರಿಸಬೇಕೇ ಹೊರತು ಅಕ್ಷರದ ಹೊಟ್ಟೆಯಲ್ಲಿ ಅಲ್ಲ.

2. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಹೆಸರು ಪಟ್ಟಿಯಲ್ಲಿ ಕಣ್ಣೆದುರಿಗೇ ಇದ್ದರೂ, ಹುಡುಕಿದಾಗ ‘ಸಿಗಲಿಲ್ಲ’ ಎಂದು ಯಂತ್ರ ಹೇಳುವುದುಂಟು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳು.

ಮೊದಲನೆಯದು, ‘ಕೊ’ ಎಂಬಲ್ಲಿಯ ಒಕಾರದ ಚಿಹ್ನೆಯನ್ನು 3274 ಎಂಬ ಒಂದೇ ಸಂಕೇತದಿಂದ ಬರೆಯಬಹುದು. 3270 ಮತ್ತು 3266 ಎಂಬ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ನೋಟ ಒಂದೇ, ಸಂಖ್ಯೆ ಬೇರೆ. ಯೂನಿಕೋಡಿನವರು ಎನ್‌ಎಫ್‌ಸಿ ಎಂಬ ಏಕರೂಪವನ್ನು ವಿಧಿಸಿದ್ದಾರೆ. ಹೆಸರನ್ನು ಸ್ವೀಕರಿಸಿದ ಕೂಡಲೆ ಈ ರೂಪಕ್ಕೆ ತಂದರೆ ಭೇದ ಅಳಿಯುತ್ತದೆ. ಪೈಥಾನಿನಲ್ಲಿ ಇದಕ್ಕೆ ಸಿದ್ಧವಾದ ‘ನಾರ್ಮಲೈಸ್’ ಎಂಬ ಆಜ್ಞೆ ಇದೆ.

ಎರಡನೆಯದು, ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ನೋಟಕ್ಕೆ ಅವಳಿಗಳು. ಆದರೆ ಅನುಸ್ವಾರದ ಸಂಖ್ಯೆ 3202, ಅಂಕಿಯದು 3302. ‘ಮಂಜುಳಾ’ ಎಂದು ಬರೆಯುವವರು ಅರಿಯದೆ ಅಂಕಿಯನ್ನು ಒತ್ತಿದರೆ ಆ ಹೆಸರು ಹುಡುಕಾಟಕ್ಕೆ ಸಿಗದು. ಹೆಸರಿನ ಪೆಟ್ಟಿಗೆಯಲ್ಲಿ ಅಂಕಿಗೆ ಕೆಲಸವಿಲ್ಲವಷ್ಟೆ. ಅಲ್ಲಿ 3302 ಕಂಡುಬಂದರೆ ‘ಇದು ಅನುಸ್ವಾರವೇ?’ ಎಂದು ಕೇಳಿ ತಿದ್ದಿಕೊಳ್ಳುವಂತೆ ಪ್ರೋಗ್ರಾಮನ್ನು ಬರೆಯಬೇಕು.

ಮೂರನೆಯದು, ‘ರಾಜ್‌ಕುಮಾರ’ ಎಂಬಲ್ಲಿ ಜಕಾರಕ್ಕೆ ಕಕಾರದ ಒತ್ತು ಬೀಳದಿರಲೆಂದು 8204ನೆಯ ಸಂಖ್ಯೆಯ ಅದೃಶ್ಯ ಚಿಹ್ನೆಯೊಂದನ್ನು ನಡುವೆ ಇಡುತ್ತಾರೆ. ಒಬ್ಬರು ಅದನ್ನಿಟ್ಟು, ಇನ್ನೊಬ್ಬರು ಇಡದೆ ಬರೆದರೆ ಹೆಸರುಗಳು ಹೊಂದವು. ಮೂಲ ಹೆಸರನ್ನು ಮುಟ್ಟದೆ, ಹುಡುಕುವುದಕ್ಕಾಗಿ ಮಾತ್ರ ಈ ಚಿಹ್ನೆಯನ್ನು ತೆಗೆದ ಪ್ರತಿಯೊಂದನ್ನು ಮಾಡಿ, ಆ ಪ್ರತಿಗಳನ್ನು ಹೋಲಿಸಿ ನೋಡುವುದೇ ಇದರ ಪರಿಹಾರ.

3. ಅಕಾರಾದಿ ಕ್ರಮ

ಯಂತ್ರಕ್ಕೆ ‘ಜೋಡಿಸು’ ಎಂದರೆ ಅದು ಸಂಖ್ಯೆಗಳ ಕ್ರಮದಲ್ಲಿ ಜೋಡಿಸುತ್ತದೆ. ಕನ್ನಡದ ಮಟ್ಟಿಗೆ ಈ ಕ್ರಮವು ಬಹುಪಾಲು ವರ್ಣಮಾಲೆಯನ್ನೇ ಅನುಸರಿಸಿದರೂ, ‘ಳ’ಕಾರದ ವಿಷಯದಲ್ಲಿ ಎಡವುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ವು ‘ಹ’ದ ಅನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ಲ’ಕ್ಕೆ 3250, ‘ಳ’ಕ್ಕೆ 3251, ‘ವ’ಕ್ಕೆ 3253, ‘ಹ’ಕ್ಕೆ 3257. ಹೀಗಾಗಿ ಕವಿತಾಳಿಗಿಂತ ಮೊದಲು ಕಳಾವತಿಯ ಹೆಸರು ಬಂದುಬಿಡುತ್ತದೆ. ಮರಾಠಿಯ ವರ್ಣಮಾಲೆಯಲ್ಲಿಯೂ ‘ಳ’ಕಾರವು ಹಕಾರದ ಅನಂತರವೇ ಬರುವುದರಿಂದ ನೆರೆಯ ಮರಾಠಿ ಶಾಲೆಯವರಿಗೂ ಇದೇ ತೊಡಕು ತಪ್ಪದು.

ಪರಿಹಾರ ಸರಳವಾಗಿದೆ. ಕನ್ನಡದ ಕೋಷ್ಟಕದಲ್ಲಿ ‘ಹ’ದ ಮುಂದಿನ 3258ನೆಯ ಸ್ಥಾನ ಖಾಲಿ ಇದೆ. ಜೋಡಿಸುವ ಹೊತ್ತಿಗೆ ಮಾತ್ರ ‘ಳ’ಕಾರದ ಸಂಖ್ಯೆ 3258 ಎಂದು ಭಾವಿಸುವ ಒಂದು ‘ಕೀ’ಯನ್ನು ಒದಗಿಸಿದರೆ ಪಟ್ಟಿಯು ನಿಘಂಟಿನ ಕ್ರಮಕ್ಕೆ ಬರುತ್ತದೆ. ಶೇಖರಿಸಿದ ಹೆಸರು ಬದಲಾಗಕೂಡದು.

4. ಗುಂಡಿಯ ಅಳತೆ ಮತ್ತು ಮಾತು

ಇಂಗ್ಲಿಷಿನ ಪದಕ್ಕೆ ಅಳೆದು ಮಾಡಿದ ಗುಂಡಿಯೊಳಗೆ ಕನ್ನಡದ ಪದವನ್ನು ತುರುಕಿದರೆ ಪದದ ಬಾಲ ಕತ್ತರಿಸಿಹೋಗುತ್ತದೆ. ಅಗಲ ಮಾತ್ರವಲ್ಲ, ಎತ್ತರವೂ ಗಮನಾರ್ಹ. ‘ಸ್ತ್ರೀ’, ‘ರಾಷ್ಟ್ರ’ ಮುಂತಾದವುಗಳಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲಿನ ಎತ್ತರವನ್ನು ಗಟ್ಟಿಯಾಗಿ ನಿಗದಿಮಾಡಿದರೆ ಒತ್ತಿನ ಕಾಲು ಮುರಿಯುತ್ತದೆ. ಆದುದರಿಂದ ಗುಂಡಿಗೆ ಇಷ್ಟೇ ಅಳತೆ ಎಂದು ಹೇಳದೆ, ಒಳಗಿನ ಬರಹಕ್ಕೆ ತಕ್ಕಂತೆ ಹಿಗ್ಗುವ ಜೋಡಣೆಯನ್ನು ಬಳಸಬೇಕು. ಪೈಥಾನಿನ ಜೊತೆಗೆ ಬರುವ ಟಿಕಿಂಟರ್ ಎಂಬ ಕಿಟಕಿ ಸಾಮಗ್ರಿಯಲ್ಲಿ ‘ಗ್ರಿಡ್’ ಮತ್ತು ‘ಪ್ಯಾಕ್’ ಎಂಬ ವಿಧಾನಗಳು ಈ ಕೆಲಸವನ್ನು ಮಾಡುತ್ತವೆ.

ಪದಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಒಂದು ಗುಂಡಿಯ ಮೇಲೆ ‘ಉಳಿಸಿ’, ಪಕ್ಕದ ಗುಂಡಿಯ ಮೇಲೆ ‘ಅಳಿಸಿ’ ಎಂದಿದ್ದರೆ ಏನಾಗಬಹುದು? ಒಂದೇ ಅಕ್ಷರದ ವ್ಯತ್ಯಾಸ. ಅರ್ಥವೋ ತೀರ ವಿರುದ್ಧ. ಅವಸರದಲ್ಲಿರುವ ಗುಮಾಸ್ತರು ಉಳಿಸಲು ಹೋಗಿ ಅಳಿಸಿಬಿಟ್ಟಾರು! ‘ಅಳಿಸಿ’ ಎಂಬುದರ ಬದಲು ‘ಹೆಸರನ್ನು ತೆಗೆದುಹಾಕಿ’ ಎಂದು ಬರೆದು, ಆ ಗುಂಡಿಯನ್ನು ದೂರದಲ್ಲಿಟ್ಟು, ಒತ್ತಿದ ಮೇಲೆ ಮತ್ತೊಮ್ಮೆ ಕೇಳುವಂತೆ ಮಾಡುವುದು ವಿವೇಕ.

5. ಸ್ತಬ್ಧವಾಗುವ ಕಿಟಕಿ

ಗುಂಡಿ ಒತ್ತಿದೊಡನೆ ಕಿಟಕಿಯು ಮರಗಟ್ಟಿ ನಿಂತು, ಮತ್ತೆ ಒತ್ತಿದರೂ ಮಿಸುಕದಿರುವುದನ್ನು ನೀವೆಲ್ಲರೂ ಕಂಡಿರುವಿರಿ. ನೆರೂಳ ನಿಲ್ದಾಣದ ಟಿಕೆಟ್ ಕಿಟಕಿಯನ್ನು ಕಲ್ಪಿಸಿಕೊಳ್ಳಿರಿ. ಒಳಗೆ ಗುಮಾಸ್ತರು ಒಬ್ಬರೇ, ಹೊರಗೆ ಸಾಲು. ಅವರು ಒಬ್ಬೊಬ್ಬರಿಗೂ ಬೇಗ ಬೇಗ ಟಿಕೆಟ್ ಕೊಡುತ್ತಿರುವಷ್ಟು ಕಾಲ ಸಾಲು ಸಾಗುತ್ತದೆ. ನಡುವೆ ಎದ್ದುಹೋಗಿ ತಿಂಗಳ ಲೆಕ್ಕವನ್ನೆಲ್ಲ ಎಣಿಸಲು ಕುಳಿತರೆ? ಸಾಲು ನಿಂತಲ್ಲೇ ನಿಲ್ಲುತ್ತದೆ.

ಗಣಕದ ಕಿಟಕಿಯಲ್ಲಿಯೂ ಹೀಗೆಯೇ. ಕೀಲಿ ಒತ್ತಿದ್ದು, ಗುಂಡಿ ಒತ್ತಿದ್ದು, ಚಿತ್ರ ಬಿಡಿಸಬೇಕಾದದ್ದು ಇವೆಲ್ಲವೂ ಸಾಲಿನಲ್ಲಿ ನಿಂತ ಕೋರಿಕೆಗಳು. ಅವನ್ನು ವಿಲೇವಾರಿ ಮಾಡುವ ಎಳೆ ಒಂದೇ. ಸಾವಿರಾರು ಹೆಸರುಗಳನ್ನು ಓದುವ ದೀರ್ಘ ಕೆಲಸವನ್ನು ಆ ಎಳೆಗೇ ಒಪ್ಪಿಸಿದರೆ ಉಳಿದ ಕೋರಿಕೆಗಳು ಕಾಯುತ್ತವೆ. ವಿಂಡೋಸ್ ವ್ಯವಸ್ಥೆಯು ಸುಮಾರು 5 ಸೆಕೆಂಡು ನೋಡಿ, ಪ್ರೋಗ್ರಾಮು ಉತ್ತರಿಸುತ್ತಿಲ್ಲವೆಂದು ಸಾರಿಬಿಡುತ್ತದೆ. ಪರಿಹಾರ ಎರಡು ಬಗೆ. ಕೆಲಸವನ್ನು ಐವತ್ತೈವತ್ತು ಹೆಸರುಗಳ ಕಂತುಗಳಾಗಿ ಒಡೆದು, ಟಿಕಿಂಟರಿನ ‘ಆಫ್ಟರ್’ ಎಂಬ ಆಜ್ಞೆಯಿಂದ ಕಂತುಕಂತಿನ ನಡುವೆ ಸಾಲಿಗೆ ಎಡೆಗೊಡುವುದು ಒಂದು. ದೀರ್ಘ ಕೆಲಸಕ್ಕೆ ಬೇರೊಂದು ಎಳೆಯನ್ನೇ ನೇಮಿಸುವುದು ಇನ್ನೊಂದು. ಆದರೆ ಈ ಎರಡನೆಯ ಎಳೆಯು ಕಿಟಕಿಯ ಅಂಗಗಳನ್ನು ನೇರವಾಗಿ ಮುಟ್ಟಬಾರದು. ತನ್ನ ಫಲಿತಾಂಶವನ್ನು ಸರತಿಯೊಂದರಲ್ಲಿ ಇಡಬೇಕು. ಮುಖ್ಯ ಎಳೆಯು ಅದನ್ನು ಎತ್ತಿಕೊಂಡು ತೋರಿಸಬೇಕು. ಲೆಕ್ಕ ಎಣಿಸುವವರು ಒಳಮನೆಯಲ್ಲಿ, ಟಿಕೆಟ್ ಕೊಡುವವರು ಕಿಟಕಿಯಲ್ಲಿ!

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಈ ಐದರಲ್ಲಿ ಕೊನೆಯದೊಂದು ಎಲ್ಲ ಭಾಷೆಯವರಿಗೂ ಸಮಾನ. ಉಳಿದ ನಾಲ್ಕನ್ನು ಬಿಡಿಸಲು ಬೇಕಾದುದು ಯಾವ ಜ್ಞಾನ? ಅಕ್ಷರವೆಂದರೇನು, ಗುಣಿತವು ಯಾವುದಕ್ಕೆ ಸೇರುತ್ತದೆ, ಅನುಸ್ವಾರಕ್ಕೂ ಸೊನ್ನೆಗೂ ಭೇದವೇನು, ‘ಳ’ಕಾರದ ಸ್ಥಾನವೆಲ್ಲಿ, ಯಾವ ಪದ ಯಾವುದರೊಡನೆ ಕಲಸಿಹೋಗುತ್ತದೆ ಎಂಬ ಜ್ಞಾನ. ಇವು ನಮ್ಮ ಶಾಲೆಯ ಕೆಳಗಿನ ತರಗತಿಗಳಲ್ಲಿ ಕಲಿಸುವ ಪಾಠಗಳೇ ಅಲ್ಲವೆ? ಆಜ್ಞೆಗಳ ಇಂಗ್ಲಿಷ್ ಪದಗಳನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಹುದು. ಕನ್ನಡದ ಅಕ್ಷರದ ಮರ್ಮವನ್ನು ಅರಿಯದವನು ಎಷ್ಟು ಇಂಗ್ಲಿಷ್ ಕಲಿತಿದ್ದರೂ ‘ಲಕ್ಷ್ಮಿ’ಯ ಗುಡಿಸನ್ನು ಉಳಿಸಲಾರನು. ಕನ್ನಡದ ಮಕ್ಕಳ ಹೆಸರನ್ನು ಕಾಪಾಡುವ ಪ್ರೋಗ್ರಾಮನ್ನು ಬೇರೆಯವರು ಬರೆದುಕೊಡಲಿ ಎಂದು ಕಾಯುವ ಅಗತ್ಯವಿಲ್ಲ. ಕಾಗುಣಿತವನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಯು ಧೈರ್ಯದಿಂದ ಆ ಕಾರ್ಯಕ್ಕೆ ಕೈಹಾಕಲಿ.

ಅಭ್ಯಾಸ

1. ನಿಮ್ಮ ಹೆಸರಿನಲ್ಲಿರುವ ಅಕ್ಷರಗಳು, ಸಂಕೇತಗಳು, ಬೈಟುಗಳು ಇವುಗಳ ಸಂಖ್ಯೆಯನ್ನು ಬೇರೆ ಬೇರೆಯಾಗಿ ಬರೆಯಿರಿ.
2. ನಿಮ್ಮ ತರಗತಿಯ ಹಾಜರಿ ಪಟ್ಟಿಯಲ್ಲಿ ‘ಳ’ಕಾರವಿರುವ ಹೆಸರುಗಳನ್ನು ಆರಿಸಿ, ಅವುಗಳಲ್ಲಿ ಯಾವುವು ಯಂತ್ರದ ಕ್ರಮದಲ್ಲಿ ಸ್ಥಾನ ತಪ್ಪುವುವು ಎಂಬುದನ್ನು ಕಂಡುಹಿಡಿಯಿರಿ.
3. ಅಕ್ಷರಗಳನ್ನು ಎಣಿಸುವ ಸೂತ್ರವನ್ನು ‘ರಾಜ್‌ಕುಮಾರ’ ಎಂಬ ಹೆಸರಿಗೆ ಅನ್ವಯಿಸಿ, ಅದೃಶ್ಯ ಚಿಹ್ನೆಯಿದ್ದಾಗ ಐದು ಅಕ್ಷರಗಳೂ ಇಲ್ಲದಿದ್ದಾಗ ನಾಲ್ಕೂ ಏಕೆ ಬರುತ್ತವೆಂಬುದನ್ನು ವಿವರಿಸಿರಿ.