ರೇಡಿಯೋದೊಳಗೆ ಉಳಿದ ಸೆಲ್

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಜ್ಜಿಯೊಬ್ಬರು ಒಂದು ಸಂಜೆ ಹಳೆಯ ರೇಡಿಯೋ ತಂದರು. ಅದು ತೀರಿಹೋದ ಯಜಮಾನರದು. ದಿನವೂ ಅದರಲ್ಲಿ ಕೃಷಿರಂಗ ಕೇಳುತ್ತಿದ್ದರಂತೆ. ಆರು ವರ್ಷದಿಂದ ಅಟ್ಟದ ಮೇಲೆ ಬಿದ್ದಿತ್ತು. "ಮತ್ತೆ ಮಾತಾಡುತ್ತಾ ನೋಡಿ ಮೇಷ್ಟ್ರೇ" ಅಂದರು.

ಹಿಂದಿನ ಮುಚ್ಚಳ ತೆಗೆದೆವು. ಒಳಗೆ ಎರಡು ದಪ್ಪ ಸೆಲ್ ಹಾಗೇ ಇದ್ದವು. ಮೈ ಉಬ್ಬಿ ಒಡೆದಿತ್ತು. ರಸ ಸೋರಿ ಒಣಗಿತ್ತು. ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು.

ಸೆಲ್ ಯಾಕೆ ಸೋರುತ್ತೆ? ಸಾಧಾರಣ ಸೆಲ್ಲಿನಲ್ಲಿ ಒಂದು ಸತುವಿನ ಡಬ್ಬಿ ಇರುತ್ತೆ. ನಡುವೆ ಕರಿ ಕಡ್ಡಿ. ಅದರ ಸುತ್ತ ಕರಿ ಪುಡಿ ಮತ್ತು ಒದ್ದೆ ರಸಾಯನ. ಈ ರಸಾಯನ ಸತುವನ್ನು ತಿನ್ನುತ್ತಾ ಹೋದಾಗಲೇ ಕರೆಂಟು ಹುಟ್ಟುವುದು. ಸೆಲ್ ದುಡಿದಷ್ಟೂ ಅದರ ಗೋಡೆ ತೆಳ್ಳಗಾಗುತ್ತೆ. ಕೊನೆಗೆ ತೂತು ಬೀಳುತ್ತೆ. ಸುಮ್ಮನೆ ಇಟ್ಟರೂ ತಿನ್ನುವುದು ಪೂರ್ತಿ ನಿಲ್ಲೋದಿಲ್ಲ.

'ಆಲ್ಕಲೈನ್' ಎಂದು ಬರೆದ ಸೆಲ್ ಬೇರೆ ಬಗೆಯದು. ಅದರೊಳಗೆ ಸುಡುವ ಕ್ಷಾರ ಇರುತ್ತೆ. ಕೈಗೆ ತಗುಲಿದರೆ ತುಂಬಾ ನೀರು ಹಾಕಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಹಾಯಿಸಿ, ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು.

ನಾವು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಸೆಲ್ ತೆಗೆದೆವು. ಒಣ ಪುಡಿಯನ್ನು ಹಳೇ ಬ್ರಷ್ಷಿನಿಂದ ಮೆಲ್ಲಗೆ ಉದುರಿಸಿದೆವು. ಬಾಯಿಂದ ಊದಬೇಡಿ, ಕಣ್ಣಿಗೇ ಬರುತ್ತೆ. ಸಾಧಾರಣ ಸೆಲ್ಲಿನ ರಸ ಹುಳಿ ಜಾತಿಯದು. ಅದಕ್ಕೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ ಒರೆಸಿದೆವು. ಆಲ್ಕಲೈನ್ ಆಗಿದ್ದರೆ ಸೋಡಾ ಅಲ್ಲ, ನಿಂಬೆರಸ ಬೇಕಿತ್ತು. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ ಒಂದು ದಿನ ಒಣಗಲು ಬಿಟ್ಟೆವು. ಕಿಲುಬನ್ನು ಮರಳು ಕಾಗದದಿಂದ ಉಜ್ಜುವಾಗ ಒಂದು ಸ್ಪ್ರಿಂಗ್ ಮುರಿದೇ ಹೋಯಿತು. ಪೇಟೆಯ ರಿಪೇರಿಯವರು ಬೇರೆ ಹಾಕಿಕೊಟ್ಟರು.

ಹಳೇ ಸೆಲ್ ಏನು ಮಾಡೋದು? ಒಲೆಗೆ ಹಾಕಿದರೆ ಸಿಡಿಯುತ್ತೆ. ಮಕ್ಕಳ ಕೈಗೂ ಕೊಡಬೇಡಿ. ಚಿಕ್ಕಂದಿನಲ್ಲಿ ಸೆಲ್ ಒಡೆದು ಕರಿ ಪುಡಿ ತೆಗೆದು ಹಲಗೆಗೆ ಬಳಿದವರು ನಾವೂ ಹೌದು. ಆಗ ಬೇಡ ಅನ್ನುವವರು ಇರಲಿಲ್ಲ. ಗುಂಡಿಯಂಥ ಪುಟ್ಟ ಸೆಲ್ಲಂತೂ ಇನ್ನೂ ಅಪಾಯ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ವಾಂತಿ ಮಾಡಿಸದೆ ಆಸ್ಪತ್ರೆಗೆ ಓಡಿ.

2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೇ ಸೆಲ್ಲನ್ನು ಬೇರೆ ಕಸದ ಜೊತೆ ಸೇರಿಸಬಾರದು. ಒಂದು ಡಬ್ಬಿಯಲ್ಲಿ ಕೂಡಿಡಿ. ಪಂಚಾಯಿತಿಯ ಕಸದ ಗಾಡಿ ಬಂದಾಗ "ಇದು ಸೆಲ್" ಎಂದು ಹೇಳಿ ಬೇರೆಯಾಗಿ ಕೊಡಿ.

ಅಜ್ಜಿ ಎರಡು ಹೊಸ ಸೆಲ್ ತಂದಿದ್ದರು. ಒಂದು ಹೊಸದು, ಒಂದು ಹಳೇದು ಹಾಕಿ ದುಡ್ಡು ಉಳಿಸುವವರಿದ್ದಾರೆ. ಹಾಗೆ ಹಾಕಿದರೆ ಹಳೇದು ಬೇಗ ಸೋರುತ್ತೆ. "+ ಗುರುತು ಎಲ್ಲಿದೆ?" ಎಂದು ಕೇಳಿದೆವು. ಅಜ್ಜಿ ಕನ್ನಡಕ ಏರಿಸಿ ಹುಡುಕಿದರು. 1.5 ಎಂಬ ಅಂಕಿಯನ್ನೂ ಓದಿದರು. ತಾವೇ ಸೆಲ್ ಹಾಕಿದರು.

ರೇಡಿಯೋ ಮೊದಲು ಗೊರಗೊರ ಅಂತು. ಆಮೇಲೆ ಮಾತು ಬಂತು. ಈಗ ಮಗಳ ಊರಿಗೆ ಹೊರಟಾಗಲೆಲ್ಲ ಅಜ್ಜಿ ಸೆಲ್ ತೆಗೆದಿಟ್ಟೇ ಬಾಗಿಲು ಹಾಕುತ್ತಾರೆ.